ಬಾಲವಿಲ್ಲದ ಕಡತಗಳು

ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ಕಡತಗಳನ್ನು ಕಾಯ್ದು ನಿವೃತ್ತರಾದ ಶಂಕರಲಿಂಗಪ್ಪನವರು ಮನೆಗೆ ಬರುವಾಗ ಕಚೇರಿಯಿಂದ ಒಂದು ಗುಂಡುಸೂಜಿಯನ್ನೂ ತಂದವರಲ್ಲ. ಆದರೆ ಕಚೇರಿಯ ಪದ್ಧತಿಯನ್ನು ಮಾತ್ರ ಇಡಿಯಾಗಿ ಹೊತ್ತು ತಂದಿದ್ದರು. ಮಧುಗಿರಿಯ ಪೇಟೆಬೀದಿಗೆ ಬೆನ್ನುಮಾಡಿದ ಆ ಹಳೆಯ ಮನೆಯಲ್ಲಿ ಬೇಳೆಯ ಡಬ್ಬಿಗಳಿಗೆ ಕ್ರಮಸಂಖ್ಯೆ ಬಂದಿತು. ಬೀಗದ ಕೈಗಳಿಗೆ ರಟ್ಟಿನ ಚೀಟಿ ಬಂದಿತು. ಹಬ್ಬದ ಸೀರೆಗಳು ಕೂಡ ಕೆಂಪು ಬಟ್ಟೆಯ ಗಂಟಿನಲ್ಲಿ ವರ್ಷವಾರು ಕೂತವು. ಅವರ ಪತ್ನಿ ದಾಕ್ಷಾಯಣಮ್ಮ ಹನ್ನೆರಡು ವರ್ಷಗಳಿಂದ ಹೆಸರುಬೇಳೆಯನ್ನು ‘ಎರಡನೇ ನಂಬರು’ ಎಂದೇ ಕರೆದು ಅಡಿಗೆ ಮಾಡುತ್ತಿದ್ದರು. ಮೊದಮೊದಲು ನಗು ಬರುತ್ತಿತ್ತು. ಈಗ ನಗುವುದಕ್ಕೂ ಆಯಾಸ.

ಆ ಮನೆಯಲ್ಲಿ ಶಂಕರಲಿಂಗಪ್ಪನವರನ್ನು ಎದುರು ಹಾಕಿಕೊಂಡು ಪ್ರಶ್ನೆ ಕೇಳುವವರಿರಲಿಲ್ಲ. ಮಗ ನಾಗಭೂಷಣ ಪೇಟೆಯಲ್ಲಿ ಗ್ರಂಥಿಗೆ ಅಂಗಡಿ ಇಟ್ಟುಕೊಂಡು ಅರಿಸಿನ, ಕುಂಕುಮ, ಬಜೆ, ಅಳಲೆಕಾಯಿ ಮಾರುತ್ತಿದ್ದ. ಸಿಟ್ಟು ಬಂದರೆ ಅಂಗಡಿಗೆ ಹೋಗಿಬಿಡುತ್ತಿದ್ದ. ಸೊಸೆ ಭುವನಾ ಊರಿನದೇ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದಳು. ಮೊಮ್ಮಗಳು ಲೋಹಿತಾ ಎಂಟನೆಯ ತರಗತಿ. ಬೆಳಗಿನ ಪೂಜೆಯಲ್ಲಂತೂ ಯಜಮಾನರನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಅಂಗೈ ಮೇಲೆ ಲಿಂಗವಿರುವಷ್ಟು ಹೊತ್ತು ಲೋಕದ ಮಾತು ಸಲ್ಲದು, ಆಡಿದರೆ ಸುಳ್ಳು ಆಡಬಾರದು ಎಂಬುದು ಅವರ ತಂದೆಯ ಕಾಲದಿಂದ ಬಂದ ಕಟ್ಟು. ಸುಳ್ಳಿನ ಪ್ರಸಂಗವೇ ಬಾರದಿರಲೆಂದು ಮನೆಯವರೆಲ್ಲ ಆ ಅರ್ಧ ಗಂಟೆ ಬಾಯಿ ಬಿಗಿದುಕೊಂಡಿರುತ್ತಿದ್ದರು.

ಪಡಸಾಲೆಯ ಮೂಲೆಯಲ್ಲಿ, ಹಳೆಯ ಸೀರೆಯಿಂದ ಹೊಲಿದ ಮುಸುಕಿನೊಳಗೆ, ಒಂದು ಕಂಪ್ಯೂಟರ್ ಇತ್ತು. ಭುವನಾ ಬಿ.ಎಡ್. ಓದುವಾಗ ಕೊಂಡದ್ದು. ಮನೆಯ ಕಾಗದಪತ್ರಗಳನ್ನೆಲ್ಲ ಅವಳು ಅದರೊಳಗೆ ಸ್ಕ್ಯಾನ್ ಮಾಡಿ ಇಟ್ಟಿದ್ದಳು. ಇಡುವಾಗ ಹೆಸರಿನ ಕಡೆ ನೋಡಿದವಳಲ್ಲ. ‘ಸ್ಕ್ಯಾನ್ ಒಂದು’, ‘ನ್ಯೂ’, ‘ನ್ಯೂ ನ್ಯೂ’, ‘ಫೈನಲ್’, ಅದರ ಕೆಳಗೆ ‘ಫೈನಲ್ ಎರಡು’. ಕಾರ್ತಿಕದ ಒಂದು ಮಧ್ಯಾಹ್ನ ಇದು ಶಂಕರಲಿಂಗಪ್ಪನವರ ಕಣ್ಣಿಗೆ ಬಿತ್ತು. ದಾರಿಯಲ್ಲಿ ಬಿಚ್ಚಿ ಬಿದ್ದ ಕಡತವನ್ನು ಕಂಡ ಹಾಗೆ ಅವರ ಜೀವ ಕಸಿವಿಸಿಗೊಂಡಿತು. ಮರುದಿನದಿಂದಲೇ ಕನ್ನಡಕ ಒರೆಸಿಕೊಂಡು ಕೂತರು.

ದಾಕ್ಷಾಯಣಮ್ಮ ಪಕ್ಕದಲ್ಲೇ ಮೊರ ಹಾಕಿಕೊಂಡು, ಗೌಡಗೆರೆಯ ತವರಿನಿಂದ ಬಂದ ಕಡಲೆಕಾಯಿ ಸುಲಿಯುತ್ತಿದ್ದರು. ಗಂಡ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ‘ದ.ಸಂ. ನಲವತ್ತೊಂದು. ಭುವನಾ. ಪದವಿ ಅಂಕಪಟ್ಟಿ.’ ದ.ಸಂ. ಎಂದರೆ ದಸ್ತಾವೇಜು ಸಂಖ್ಯೆ. ಹೀಗೆ ಒಪ್ಪವಾದ ಹೆಸರು.

“ಇದೊಂದು ಬಾಲ ನೋಡು,” ಎಂದರು ಒಮ್ಮೆ. “ಪ್ರತಿ ಹೆಸರಿನ ಕೊನೆಗೂ ಒಂದು ಚುಕ್ಕಿ, ಅದರ ಹಿಂದೆ ಮೂರು ಇಂಗ್ಲಿಷ್ ಅಕ್ಷರ. ಅರ್ಥವಿಲ್ಲ, ಅಂದವಿಲ್ಲ. ನಮ್ಮ ಶಿರಸ್ತೇದಾರರು ಹೇಳುತ್ತಿದ್ದರು, ಕಡತದ ಹೆಸರು ವಿಷಯ ಹೇಳಬೇಕು, ವಿಷಯ ಮುಗಿದ ಮೇಲೆ ಲೇಖನಿ ಎತ್ತಬೇಕು ಅಂತ.”

ಆಮೇಲೆ, “ಹೌದು,” ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, “ಹೌದು.”

“ಯಾರಿಗ್ರೀ ಹೌದ್ ಹೌದ್ ಅಂತಿದೀರಿ? ನಾನೇನೂ ಕೇಳ್ಲಿಲ್ವಲ್ಲ.”

“ನಿನಗಲ್ಲ, ಈ ಯಂತ್ರಕ್ಕೆ. ಒಂದೊಂದು ಹೆಸರು ತಿದ್ದಿದಾಗಲೂ ‘ಖಾತ್ರಿಯೇ?’ ಎಂದು ಕೇಳುತ್ತದೆ. ಹೊಸದಾಗಿ ಸೇರಿದ ಗುಮಾಸ್ತನ ಹಾಗೆ.”

“ನಮ್ಮನೇಲಿ ನಿಮ್ಮನ್ನ ಹಂಗೆ ಕೇಳೋ ಧೈರ್ಯ ಇರೋದು ಅದೊಂದಕ್ಕೇ ಬುಡಿ,” ಎಂದು ದಾಕ್ಷಾಯಣಮ್ಮ ಸಿಪ್ಪೆ ಕೊಡವಿದರು.

ಒಂಬತ್ತು ಮಧ್ಯಾಹ್ನ ಈ ‘ಹೌದು’ ನಡೆಯಿತು. ಇನ್ನೂರ ಹದಿನಾಲ್ಕು ಕಡತ. ಮುಗಿದ ಸಂಜೆ ಸೊಸೆಯನ್ನು ಕರೆದು ತೋರಿಸಿದರು. ಭುವನಾ ಶಾಲೆಯಿಂದ ಬಂದು ಮುಖವನ್ನೂ ತೊಳೆದಿರಲಿಲ್ಲ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಉದ್ದಕ್ಕೆ ಸಾಲಾಗಿ ನಿಂತ ಕನ್ನಡದ ಹೆಸರುಗಳನ್ನು ನೋಡಿ, “ಚೆನ್ನಾಗಿ ಕಾಣ್ತದೆ ಮಾವ,” ಎಂದು ಒಳಗೆ ಹೋದಳು. ಒಂದನ್ನೂ ತೆರೆದು ನೋಡಲಿಲ್ಲ. ಬೀರುವಿನ ಗಾಜು ಒರೆಸಿದರೆ ಒಳಗಿನ ಬಟ್ಟೆ ಹರಿದೀತೆಂದು ಯಾರು ತಾನೇ ನೋಡುತ್ತಾರೆ?

ಕಾರ್ತಿಕದ ಕಡೆಯ ಸೋಮವಾರ ಕಳೆದು ಮೂರು ದಿನಕ್ಕೆ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದ ಸುದ್ದಿ ಬಂತು. ಭುವನಾ ಅದನ್ನು ಊಟದ ಹೊತ್ತಿನಲ್ಲಿ ಹೇಳಿದಳು. ಮೂರು ವಾರ ಗಡುವು. ಅರ್ಜಿಯ ಜೊತೆಗೆ ಏಳು ಪತ್ರಗಳನ್ನು ಕಂಪ್ಯೂಟರಿನಲ್ಲೇ ಲಗತ್ತಿಸಿ ಕಳಿಸಬೇಕು.

“ಈ ಸಲ ಬುಟ್ರೆ ಆಯ್ತು ಅತ್ತೆ. ಬರೋ ವರ್ಷಕ್ಕೆ ನನ್ ವಯಸ್ಸು ಮೀರ್ತದೆ. ಆಮೇಲೆ ಎಲೆ ಹಾಕಿದ್ರೂ ನನಗಲ್ಲ.”

“ಹಾಕು, ಹಾಕು,” ಎಂದ ನಾಗಭೂಷಣ. “ಆ ಸ್ಕೂಲ್ನೋರು ನಿನ್ನ ಗಾಣದ ಎತ್ತು ಮಾಡ್ಕೊಂಡವ್ರೆ.”

ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಕೆಲಸಕ್ಕೆ ಸೇರಿದ ಶಿಕ್ಷಕಿಯರ ಮೂಲ ಅಂಕಪಟ್ಟಿಗಳನ್ನೆಲ್ಲ ಆಡಳಿತದವರು ತೆಗೆದು ಬೀರುವಿನಲ್ಲಿಟ್ಟುಕೊಳ್ಳುತ್ತಿದ್ದರು. ನಡುವರ್ಷದಲ್ಲಿ ಯಾರಾದರೂ ಕೇಳಿದರೆ, ಇವಳು ಬೇರೆ ಕಡೆ ನೋಡುತ್ತಿದ್ದಾಳೆಂದು ತಿಳಿದು, ಪತ್ರದ ಜೊತೆಗೇ ಮನೆಗೆ ಕಳಿಸುತ್ತಿದ್ದರು. ಆದ್ದರಿಂದ ಭುವನಾಳ ಪಾಲಿಗೆ ಕಂಪ್ಯೂಟರಿನೊಳಗಿನ ಪ್ರತಿಗಳೇ ಆಧಾರ.

ಊಟ ಮುಗಿಸಿ ಅವಳು ಹೋಗಿ ಕೂತಳು. ದ.ಸಂ. ನಲವತ್ತೊಂದನ್ನು ಒತ್ತಿದಳು. ಕಡತ ತೆರೆಯಲಿಲ್ಲ. ಇದು ತನಗೆ ತಿಳಿದ ಬಗೆಯದಲ್ಲ, ಇಲ್ಲವೇ ಹಾಳಾಗಿರಬಹುದು ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ನಲವತ್ತೆರಡು, ನಲವತ್ತಮೂರು, ಅದೇ ಸಾಲು. ಹಿಂದೆ ಕೆಂಪು ಗುರುತು ಹೊತ್ತಿದ್ದ ಕಡತಗಳೆಲ್ಲ ಈಗ ಬೋಳು ಬಿಳಿಹಾಳೆಯಂತೆ ಕಾಣುತ್ತಿದ್ದವು.

“ಓದೋ ಸಾಫ್ಟ್‌ವೇರ್ ಕೆಟ್ಟಿರಬೇಕು,” ಎಂದ ನಾಗಭೂಷಣ. “ತೆಗೆದು ಮತ್ತೆ ಹಾಕಣ ತಡಿ.”

ತೆಗೆದು ಹಾಕಿದ್ದಾಯಿತು. ಹೊಸದು ಬಂದು ಕೂತಿತು. ಅದೇ ಸಾಲು ತೋರಿಸಿತು. ಮರುದಿನ ಬೇರೊಂದು ಕಂಪನಿಯದು ಹಾಕಿದರು. ಅದು ಅಷ್ಟೂ ಹೇಳದೆ ಸುಮ್ಮನೆ ಮುಚ್ಚಿಕೊಂಡಿತು. ಮೂರನೆಯದು ಅರ್ಧ ಇಳಿಯುವಷ್ಟರಲ್ಲಿ ಕರೆಂಟು ಹೋಯಿತು. ಯಂತ್ರವನ್ನು ಆರಿಸಿ ಹಚ್ಚಿದರು, ಹಚ್ಚಿ ಆರಿಸಿದರು. ಅಂಗಡಿಯಿಂದ ಬಂದ ಗಂಡ ಒಂದು ಕಡೆ, ಶಾಲೆಯಿಂದ ಬಂದ ಹೆಂಡತಿ ಒಂದು ಕಡೆ, ನಡುವೆ ಆ ಪೆಟ್ಟಿಗೆ. ದಾಕ್ಷಾಯಣಮ್ಮ ಮುದ್ದೆ ತಿರುವಿ ಕೂಗುವರು, ಬಂದೆ ಎನ್ನುವರು, ಬರುವ ಹೊತ್ತಿಗೆ ಮುದ್ದೆ ಬಿರುಸಾಗಿ ಸಾರಿನ ಮೇಲೆ ಕೆನೆ ಕಟ್ಟಿರುತ್ತಿತ್ತು. ಮತ್ತೆ ಬಿಸಿ ಮಾಡುವುದು. ಒಂದು ಸಾರನ್ನು ಮೂರು ಸಲ ಕಾಯಿಸಿದರೆ ಅದರಲ್ಲಿ ಹುಳಿಯೊಂದೇ ಉಳಿಯುತ್ತದೆ.

“ನೀನು ನೆಟ್ಟಗೆ ಸ್ಕ್ಯಾನೇ ಮಾಡಿಲ್ಲ ಅನ್ಸುತ್ತೆ.”

“ಹೋದ ಯುಗಾದೀಲಿ ಇದೇ ಅಂಕಪಟ್ಟಿ ತೆಗೆದು ನಿಮಗೆ ತೋರ್ಸಿದ್ದೆ. ನೆನಪಿಲ್ವಾ?”

“ನನಗೆ ಅಂಗಡಿ ಗಿರಾಕಿ ಮುಖಾನೇ ನೆನಪಿರಲ್ಲ, ನಿನ್ ಅಂಕಪಟ್ಟಿ ಇರ್ತದಾ?”

“ಇರಲ್ಲ. ನನ್ನದು ಯಾವುದು ಇದ್ದೀತು ನಿಮಗೆ?”

ಎರಡನೆಯ ದಿನದ ಇಂಥದೇ ಮಾತಿನ ನಡುವೆ ಶಂಕರಲಿಂಗಪ್ಪನವರು ಪತ್ರಿಕೆ ಮಡಿಸಿ ಒಂದು ಮಾತು ಹೇಳಿದರು. “ದೀಪಾವಳಿ ರಜೆಯಲ್ಲಿ ಮಗು ಯಾರದೋ ಪೆನ್‌ಡ್ರೈವ್ ತಂದು ಇದಕ್ಕೆ ಚುಚ್ಚಿತ್ತು. ಹೊರಗಿನ ವಸ್ತು. ಅದರಿಂದ ಏನು ಬಂತೋ ಯಾರು ಬಲ್ಲರು.”

ಲೋಹಿತಾ ಗೋಡೆಗೊರಗಿ ಲೆಕ್ಕ ಮಾಡುತ್ತಿದ್ದಳು. “ತಾತ, ಅದು ಸೈನ್ಸ್ ಪ್ರಾಜೆಕ್ಟಿಗೆ. ಅದ್ರಲ್ಲಿ ಎರಡೇ ಚಿತ್ರ ಇದ್ದಿದ್ದು. ಅಶ್ವಿನಿ ಕೊಟ್ಟಿದ್ಲು.”

“ಯಾವಳೋ ಕೊಟ್ಲಂತೆ, ಇವಳು ಚುಚ್ಚಿದ್ಲಂತೆ!” ನಾಗಭೂಷಣನಿಗೆ ಹೊರಿಸಲು ಒಂದು ಹೆಗಲು ಬೇಕಾಗಿತ್ತು. “ಇವತ್ತಿಂದ ನೀನು ಅದರ ಹತ್ರ ಸುಳಿದ್ರೆ ಕಾಲು ಮುರೀತೀನಿ ಕಣೇ.”

ಭುವನಾ ಮಗಳ ಪರವಾಗಿ ನಿಲ್ಲಬಹುದಿತ್ತು; ನಿಲ್ಲಲಿಲ್ಲ. ದಿನ ಒಂದೊಂದೇ ಜಾರುತ್ತಿದ್ದ ಹೆದರಿಕೆಯಲ್ಲಿ ಅವಳೂ ಬೈದಳು, ಗಂಡನಿಗಿಂತ ಒಂದು ಮಾತು ಹೆಚ್ಚಾಗಿಯೇ ಬೈದಳು. ಹುಡುಗಿ ಅಂದಿನಿಂದ ಎಲ್ಲರ ಜೊತೆ ಉಣ್ಣುವುದನ್ನು ಬಿಟ್ಟಿತು. ಅಜ್ಜಿ ತಟ್ಟೆ ಹಿಡಿದು ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಹೋದರೆ, “ಹಸಿವಿಲ್ಲ ಅಜ್ಜಿ,” ಎಂದು ನಾಲ್ಕು ತುತ್ತು ನುಂಗಿ ಏಳುವಳು.

“ತಿನ್ನೋ ಮಗಾನ ಯಾಕಮ್ಮಾ ಅಂಗೆ ಬೈತಾರೆ?” ಎಂದು ಪಾತ್ರೆ ತಿಕ್ಕುವ ರಾಮಾಂಜಿನಮ್ಮ ಕೇಳಿದಳು. ಪಾವಗಡದ ಕಡೆಯವಳು, ಮಾತಿಗೊಂದು ತೆಲುಗು. “ಆ ಡಬ್ಬಾ ಕೆಟ್ಟೋದ್ರೆ ಕೆಟ್ಟೋಗ್ಲಿ, ಪಿಲ್ಲ ಏಮ್ ಚೇಸಿಂದಿ ಪಾಪ? ಕೂಸೇನ್ ಮಾಡ್ತು?”

ದಾಕ್ಷಾಯಣಮ್ಮ ಮಗು ಬಿಟ್ಟೆದ್ದ ತಟ್ಟೆಯನ್ನು ಅವಳ ಮುಂದಿಟ್ಟರು.

ಹತ್ತು ದಿನ ಹೀಗೆ ಕಳೆದ ಮೇಲೆ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುವ ರೇಣುಕಪ್ರಸಾದನನ್ನು ಕರೆಸಿದರು. ಅವನು ಪೆಟ್ಟಿಗೆಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹೋದ. ನಾಳೆ ಎಂದ, ನಾಳಿದ್ದು ಎಂದ, ಕೊಡಿಗೇನಹಳ್ಳಿಯಲ್ಲಿ ಯಾರದೋ ಮನೆಯ ಕ್ಯಾಮೆರಾ ಕೂರಿಸಲು ಹೋಗಿದ್ದೇನೆ ಎಂದ. ಪಡಸಾಲೆಯ ಮೂಲೆಯಲ್ಲಿ ಮುಸುಕು ಮಾತ್ರ ಬಿದ್ದಿತ್ತು. ಭುವನಾ ದಿನವೂ ಶಾಲೆಯಿಂದ ಬಂದು ಮೊದಲು ಆ ಮೂಲೆಯನ್ನು ನೋಡುವಳು, ಆಮೇಲೆ ಚಪ್ಪಲಿ ಬಿಡುವಳು. ಐದನೆಯ ಸಂಜೆ, ಗಡುವಿಗೆ ಐದೇ ದಿನ ಇರುವಾಗ, ಅವನು ಪೆಟ್ಟಿಗೆ ತಂದು ಜೋಡಿಸಿದ.

“ವೈರಸ್ ಏನೂ ಇರ್ಲಿಲ್ಲ ಅಕ್ಕ. ಆದ್ರೂ ನಿಮ್ ಫೈಲ್ ಬುಟ್ಟು ಉಳಿದಿದ್ದು ಪೂರಾ ತೊಳ್ದು ಹೊಸದಾಗಿ ಹಾಕಿದೀನಿ. ಓದೋ ಸಾಫ್ಟ್‌ವೇರ್‌ನಲ್ಲಿ ಏನೂ ತಪ್ಪಿಲ್ಲ. ನೋಡಿ, ಇದು ನನ್ ಕರೆಂಟ್ ಬಿಲ್ಲು. ಟಕ್ ಅಂತ ತೆಗೀತು. ಇದು ನಿಮ್ದು. ತೆಗ್ಯಲ್ಲ. ಅಂದ್ರೆ ಕಾಯಿಲೆ ಇರೋದು ಫೈಲಲ್ಲೇ.”

“ತಾನಾಗೇ ಹೆಂಗೆ ಕೆಡ್ತದಪ್ಪ ಅಷ್ಟೂ?” ಎಂದು ಭುವನಾ ಕೇಳಿದಳು. ಅವಳ ಧ್ವನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

“ತಾನಾಗೇ ಕೆಡಲ್ಲಕ್ಕ. ಯಾರೋ ಏನೋ ಮಾಡವ್ರೆ. ಸಿಸ್ಟಮ್ ಕೇಳ್ದೆ ಏನೂ ಮಾಡಲ್ಲ. ‘ಹಿಂಗ್ ಮಾಡಿದ್ರೆ ಕೆಡ್ತದೆ, ಮಾಡ್ಲಾ?’ ಅಂತ ಒಂದ್ಸಲ ಕೇಳೇ ಕೇಳ್ತದೆ. ಯಾರೋ ಹ್ಞೂ ಅಂದಿರ್ತಾರೆ.” ಅವನಿಗೆ ಮತ್ತೊಂದು ಮನೆಗೆ ಹೋಗುವ ಅವಸರವಿತ್ತು. “ಯಾರು ಹ್ಞೂ ಅಂದಿದ್ದು ಅಂತ ಕೇಳ್ಕೊಳ್ಳಿ, ಅವ್ರಿಗೆ ಗೊತ್ತಿರ್ತದೆ.”

ದಾಕ್ಷಾಯಣಮ್ಮ ಅವನಿಗೆಂದು ಕಾಫಿ ತಂದವರು ಲೋಟ ಹಿಡಿದು ಹಾಗೆಯೇ ನಿಂತರು. ಮೊರದಲ್ಲಿ ಬೀಳುತ್ತಿದ್ದ ಸಿಪ್ಪೆಯ ಸದ್ದು, ಪಕ್ಕದಲ್ಲಿ ಒಂದೊಂದಾಗಿ ಬೀಳುತ್ತಿದ್ದ ‘ಹೌದು’, ಒಂಬತ್ತು ಮಧ್ಯಾಹ್ನ. ಕುರ್ಚಿಯಲ್ಲಿ ಕೂತಿದ್ದ ಗಂಡನ ಕಡೆ ತಿರುಗಿದರು. ಶಂಕರಲಿಂಗಪ್ಪನವರು ಪತ್ರಿಕೆಯನ್ನು ಮುಖಕ್ಕೆ ಸ್ವಲ್ಪ ಹತ್ತಿರ ಎಳೆದುಕೊಂಡಿದ್ದರು.

ಆ ರಾತ್ರಿಯ ಊಟಕ್ಕೆ ಆ ವರ್ಷದ ಮೊದಲ ಅವರೆಕಾಯಿ ಸಾರು. ಬೇರೆ ದಿನವಾಗಿದ್ದರೆ ಅದರ ಸೊಗಡಿಗೇ ಎಲ್ಲರೂ ಒಂದೊಂದು ಮುದ್ದೆ ಹೆಚ್ಚು ಉಣ್ಣುತ್ತಿದ್ದರು.

“ನಾಳೆ ಸ್ಕೂಲಲ್ಲಿ ಮೂಲ ಪತ್ರ ಕೇಳ್ತೀನಿ,” ಎಂದಳು ಭುವನಾ. “ತಂದು ಮತ್ತೆ ಸ್ಕ್ಯಾನ್ ಮಾಡ್ಸಿ ಅರ್ಜಿ ಹಾಕ್ತೀನಿ.”

“ಕೇಳಿದ್ರೆ ಕೆಲ್ಸ ಹೋಯ್ತದೆ ಕಣೇ,” ಎಂದ ನಾಗಭೂಷಣ. “ಹೋದ್ ವರ್ಷ ಗಣಿತದ ಟೀಚರ್ಗೆ ಏನ್ ಮಾಡಿದ್ರು ನೀನೇ ಹೇಳಿದ್ದೆ.”

“ಗೊತ್ತು.”

“ಅರ್ಜಿ ಹಾಕಿದ ಮಾತ್ರಕ್ಕೆ ಸರ್ಕಾರದ ಕೆಲ್ಸ ಬಂದ್ಬುಡಲ್ಲ. ಇದೂ ಇಲ್ಲ, ಅದೂ ಇಲ್ಲ ಆಯ್ತದೆ.”

“ಹಾಕ್ದೆ ಇದ್ರೆ ಬರೋದೇ ಇಲ್ಲ. ಹನ್ನೊಂದು ವರ್ಷ ಆ ಗೇಟೊಳಗೆ ಹೋಗಿ ಬಂದಿದೀನಿ. ಒಂದ್ಸಲನಾದ್ರೂ ನನಗೋಸ್ಕರ ಕೇಳ್ತೀನಿ ಬುಡಿ.”

ದಾಕ್ಷಾಯಣಮ್ಮ ಸೌಟು ಹಿಡಿದು ಗಂಡನನ್ನೇ ನೋಡಿದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದರು. ಶಂಕರಲಿಂಗಪ್ಪನವರು ಒಂದು ತುತ್ತು ಅದ್ದಿ ಬಾಯಿಗಿಟ್ಟು, “ಸಾರಿಗೆ ಉಪ್ಪು ಕಡಿಮೆ,” ಎಂದರು.

ಹೇಳಬಹುದಾಗಿದ್ದವರಲ್ಲಿ ತಾವೂ ಒಬ್ಬರೆಂದು ದಾಕ್ಷಾಯಣಮ್ಮನಿಗೆ ತಿಳಿದಿತ್ತು. ಆದರೆ ನಲವತ್ತಾರು ವರ್ಷದ ಅಭ್ಯಾಸ ನಾಲಿಗೆಯ ಮೇಲೆ ಕಲ್ಲಿನಂತೆ ಕೂತಿತ್ತು. ಎದ್ದು ಉಪ್ಪಿನ ಡಬ್ಬಿ ತಂದರು. ಒಂಬತ್ತನೇ ನಂಬರು.

ಬೆಳಗ್ಗೆ ನಲ್ಲಿಯಲ್ಲಿ ನೀರು ಬರುವ ದಿನ. ನಾಲ್ಕು ದಿನಕ್ಕೊಮ್ಮೆ ಬರುವ ನೀರು. ಆರು ಗಂಟೆಯಿಂದ ಕೊಡ, ಹಂಡೆ, ಡ್ರಮ್ಮು ತುಂಬುತ್ತ ದಾಕ್ಷಾಯಣಮ್ಮನ ಸೊಂಟ ಬಿದ್ದುಹೋಯಿತು. ಭುವನಾ ಹೊಸ್ತಿಲು ದಾಟಿದ್ದು ಏಳೂಮುಕ್ಕಾಲಕ್ಕೆ. ಎಂದಿಗಿಂತ ಮುಂಚೆ. ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟಿದ್ದಳು. “ಬರ್ತೀನಿ ಅತ್ತೆ,” ಎಂದಳು. ಲೋಹಿತಾಳೂ ಹೋದಳು. ನಾಗಭೂಷಣ ಅಂಗಡಿ ತೆರೆಯಲು ಹೋದ.

ಮನೆ ಬರಿದಾಯಿತು. ಪೂಜೆಯ ಕೋಣೆಯಲ್ಲಿ ಶಂಕರಲಿಂಗಪ್ಪನವರು ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದರು. ದಾಕ್ಷಾಯಣಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿಲಲ್ಲಿ ನಿಂತರು. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅವರು ಆ ಹೊತ್ತಿನಲ್ಲಿ ಆ ಬಾಗಿಲಲ್ಲಿ ನಿಂತವರಲ್ಲ.

“ಕೇಳ್ಬಾರ್ದ ಹೊತ್ತಲ್ಲಿ ಕೇಳ್ತಿದೀನಿ. ಆ ಯಂತ್ರ ನಿಮ್ಮನ್ನ ಖಾತ್ರಿನಾ ಅಂತ ಕೇಳ್ತಿತ್ತಲ್ಲ, ಯಾತಕ್ಕೆ ಖಾತ್ರಿನಾ ಅಂತ ಕೇಳ್ತಿತ್ತು?”

ಶಂಕರಲಿಂಗಪ್ಪನವರು ಕಣ್ಣು ತೆರೆದರು. ಗದರಿಸುವರೆಂದುಕೊಂಡರು ದಾಕ್ಷಾಯಣಮ್ಮ. ಗದರಿಸಲಿಲ್ಲ. ಅಂಗೈಯ ಲಿಂಗವನ್ನು ಬಲಗೈಯಿಂದ ಹಿಡಿದುಕೊಂಡರು.

“ಬಾಲ ತೆಗೆದರೆ ಈ ಕಡತ ಉಪಯೋಗಕ್ಕೆ ಬಾರದೆ ಹೋಗಬಹುದು. ಖಾತ್ರಿಯೇ? ಎಂದು ಕೇಳುತ್ತಿತ್ತು.”

“ಓದಿದ್ರಾ?”

“ಓದಿದ್ದೆ. ಮೊದಲನೆಯ ಸಲ ಪೂರ್ತಿ ಓದಿದ್ದೆ. ಯಂತ್ರಕ್ಕೇನು ತಿಳಿದೀತು ಎನಿಸಿತು. ಆಮೇಲೆ ಓದದೆಯೇ ಹೌದು ಎಂದೆ.”

“ಮತ್ತೆ ಆ ಮಗಿನ ಮೇಲೆ ಯಾಕ್ರೀ ಹಾಕಿದ್ರಿ?”

ಹಿತ್ತಿಲಲ್ಲಿ ರಾಮಾಂಜಿನಮ್ಮ ತಪ್ಪಲೆ ತಿಕ್ಕುವ ಸದ್ದು.

“ಮೊದಲ ದಿನ ಬರಿಯ ಅನುಮಾನವಿತ್ತು. ಅನುಮಾನವನ್ನು ಹೇಳುವುದೇಕೆಂದು ಸುಮ್ಮನಿದ್ದೆ. ಎರಡನೆಯ ದಿನ ಬಾಯಿಗೆ ಬೇರೆ ಮಾತು ಬಂತು, ಆಡಿದೆ. ಆಡಿದ ಮೇಲೆ ಹಿಂದಕ್ಕೆ ಬರುವ ದಾರಿ ಕಾಣಲಿಲ್ಲ ದಾಕ್ಷಾಯಣಿ. ನನ್ನ ಕೈಯಲ್ಲಿ ಒಂದು ಹಾಳೆ ಹಾಳಾಗಿರಲಿಲ್ಲ. ಮೂವತ್ತನಾಲ್ಕು ವರ್ಷ.”

“ಭುವನಾ ಹೋಗಿ ಅರ್ಧ ಗಂಟೆ ಆಯ್ತು.”

ಅವರು ಲಿಂಗವನ್ನು ಕಣ್ಣಿಗೊತ್ತಿಕೊಂಡು ಕಟ್ಟಿಕೊಂಡರು. ಪೂಜೆ ಅರ್ಧಕ್ಕೇ ನಿಂತಿತು. ಫೋನು ಮಾಡಿದರು, ಆ ಶಾಲೆಯಲ್ಲಿ ಟೀಚರುಗಳ ಫೋನನ್ನು ಬೆಳಗ್ಗೆಯೇ ಕಚೇರಿಯ ಡಬ್ಬಿಗೆ ಹಾಕಿಸಿಕೊಳ್ಳುತ್ತಿದ್ದರು, ಯಾರೂ ಎತ್ತಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಮೆಟ್ಟಿಲಿಳಿದರು.

“ಏಮಮ್ಮಾ, ಅಯ್ಯೋರು ಗೊಡುಗು ಇಲ್ದೆ ಬಿಸಿಲಲ್ಲಿ ಓಡ್ತಾವ್ರೆ!” ಎಂದಳು ರಾಮಾಂಜಿನಮ್ಮ.

ಓಡುತ್ತಿರಲಿಲ್ಲ. ಎಪ್ಪತ್ತೆರಡರ ಮೊಣಕಾಲು ಓಡಲು ಬಿಡುವುದಿಲ್ಲ. ಆದರೂ ಛತ್ರಿಯನ್ನೂ ಸಂಖ್ಯೆ ಹಾಕಿದ ಚೀಲವನ್ನೂ ಬಿಟ್ಟು ಅವರು ಹೊರಗೆ ಹೋದದ್ದನ್ನು ದಾಕ್ಷಾಯಣಮ್ಮ ಕಂಡದ್ದು ಅದೇ ಮೊದಲು. ಆಟೋ ಸಿಕ್ಕಿತೋ ಇಲ್ಲವೋ, ತಿರುವಿನಲ್ಲಿ ಮರೆಯಾದರು. ದಾಕ್ಷಾಯಣಮ್ಮ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಬುಟ್ಟಿ ಎಳೆದುಕೊಂಡರು. ಕೈ ಬಿಡಿಸುತ್ತಿತ್ತು, ಕಣ್ಣು ಬೀದಿಯಲ್ಲಿತ್ತು. ರಾತ್ರಿಯೇ ಕೇಳಿದ್ದರೆ? ಆ ಉಪ್ಪಿನ ಡಬ್ಬಿ ತರಲು ಎದ್ದ ಬದಲು?

ಹತ್ತೂವರೆಗೆ ಇಬ್ಬರೂ ಒಟ್ಟಿಗೆ ಬಂದರು. ಭುವನಾ ತನ್ನ ಕೊಡೆಯನ್ನು ಮಾವನ ತಲೆಯ ಮೇಲೆ ಹಿಡಿದಿದ್ದಳು. ಮಾವನ ಕೈಯಲ್ಲಿ ಕಂದು ಬಣ್ಣದ ಒಂದು ಲಕೋಟೆ. ಅದನ್ನು ಅವರು ಎದೆಗೆ ಒತ್ತಿಕೊಂಡು ಹಿಡಿದಿದ್ದ ರೀತಿ ನೋಡಿಯೇ ದಾಕ್ಷಾಯಣಮ್ಮನಿಗೆ ಅರ್ಥವಾಯಿತು.

“ಮೂಲ ಪತ್ರ ಕೊಟ್ರು ಅತ್ತೆ,” ಎಂದಳು ಭುವನಾ. “ಸೋಮವಾರದಿಂದ ಬರೋದು ಬೇಡ ಅಂದ್ರು. ತುಂಬ ಮರ್ಯಾದೆಯಾಗೇ ಹೇಳಿದ್ರು. ಕೂರಿಸಿ, ನೀರು ಕೊಟ್ಟು.”

“ಇವ್ರು…”

“ಗೇಟಿನ ಹತ್ರ ಸಿಕ್ಕಿದ್ರು. ಅಷ್ಟೊತ್ತಿಗೆ ನಾನು ಹೊರಗೆ ಬರ್ತಿದ್ದೆ. ದಾರೀಲಿ ಎಲ್ಲಾ ಹೇಳಿದ್ರು.”

“ಹತ್ತು ನಿಮಿಷ ತಡವಾಯಿತು,” ಎಂದರು ಶಂಕರಲಿಂಗಪ್ಪನವರು ಯಾರಿಗೂ ಅಲ್ಲದಂತೆ. ಆಮೇಲೆ ತಮ್ಮನ್ನು ತಾವೇ ತಿದ್ದಿಕೊಂಡರು. “ಅಲ್ಲ. ಹದಿನೇಳು ದಿನ.”

ಭುವನಾ ಕೊಡೆ ಮಡಿಸಿ ಮೂಲೆಗಿಟ್ಟಳು. ಕೂಗಾಡುವಳೆಂದು ಅತ್ತೆ ಕಾದರು; ಕೂಗಾಡಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು. ಅವಳು ಕಂಬಕ್ಕೊರಗಿ ಕೂತು ಕಾಲು ನೀಡಿದಳು.

“ಕೆಲ್ಸ ಹೋಗಿದ್ದಕ್ಕೆ ನನಗೆ ಅಷ್ಟು ನೋವಿಲ್ಲ ಮಾವ. ಇಷ್ಟು ದಿನ ನನ್ ಕೂಸನ್ನ ನಾನೇ ಬೈದೆ. ಅವಳು ಇಲ್ಲ ಇಲ್ಲ ಅಂತಿದ್ಲು, ನಾನು ಬೈದೆ.”

ಶಂಕರಲಿಂಗಪ್ಪನವರು ಏನೋ ಹೇಳಹೊರಟರು. ಅವರ ಬಾಯಲ್ಲಿ ಎಂದೂ ವಾಕ್ಯ ಅರ್ಧಕ್ಕೆ ನಿಂತದ್ದಿಲ್ಲ, ಅಂದು ನಿಂತಿತು.

ಎದ್ದುಹೋಗಿ ಯಂತ್ರ ಹಚ್ಚಿದರು. ಕತ್ತರಿಸಿದ ಬಾಲ ಮತ್ತೆ ಕೂಡೀತೆಂದು ಅವರಿಗೆ ಅದುವರೆಗೆ ಹೊಳೆದಿರಲಿಲ್ಲ. ದ.ಸಂ. ನಲವತ್ತೊಂದರ ಹೆಸರಿನ ತುದಿಗೆ ಒಂದು ಚುಕ್ಕಿ ಇಟ್ಟು, ಮೂರು ಅಕ್ಷರ ಒತ್ತಿದರು. ಬಿಳಿಹಾಳೆಗೆ ಕೆಂಪು ಗುರುತು ಮರಳಿತು. ತೆರೆದರೆ ಭುವನಾಳ ಪದವಿಯ ಅಂಕಪಟ್ಟಿ, ಮೂಲೆಯ ಹರಿದ ಗುರುತಿನ ಸಮೇತ. ಹಾಳಾಗಿದ್ದಲ್ಲ, ಹೋಗಿದ್ದಲ್ಲ. ಇಷ್ಟು ದಿನವೂ ಅಲ್ಲೇ ಇತ್ತು.

ಭುವನಾ ಬಂದು ಹಿಂದೆ ನಿಂತು ನೋಡಿದಳು. “ಇಷ್ಟೇನಾ,” ಎಂದಳು.

ಏಳು ಪತ್ರಗಳು ಅಂದು ಸಂಜೆಯೇ ಹೋದವು. ಅರ್ಜಿ ತಲುಪಿದೆಯೆಂದು ಸಂದೇಶ ಬಂತು. ಲಕೋಟೆಯೊಳಗಿನ ಮೂಲ ಪತ್ರಗಳು ಮೇಜಿನ ಮೇಲೆ ಬಿಚ್ಚದೆ ಹಾಗೆಯೇ ಇದ್ದವು. ಅಂಗಡಿಯಿಂದ ಬಂದ ನಾಗಭೂಷಣ ವಿಷಯ ಕೇಳಿ, ಅಪ್ಪನನ್ನು ನೋಡಿ, ಹೆಂಡತಿಯನ್ನು ನೋಡಿ, “ಅಂಗಡಿ ಬಾಗ್ಲು ಹಾಕಿಲ್ಲ,” ಎಂದು ಸುಳ್ಳು ಹೇಳಿ ಮತ್ತೆ ಹೊರಗೆ ಹೋದ. ಊಟಕ್ಕೆ ಬಂದವನು ಮಗಳ ತಟ್ಟೆಗೆ ತನ್ನ ಪಾಲಿನ ತುಪ್ಪವನ್ನೂ ಹಾಕಿದ. ಅವಳು ಬೇಡವೆನ್ನಲಿಲ್ಲ, ಉಣ್ಣಲೂ ಇಲ್ಲ, ಬಹಳ ಹೊತ್ತು ಅದನ್ನೇ ಕಲಸುತ್ತ ಕೂತಿದ್ದಳು.

ಸೋಮವಾರ ಬೆಳಗ್ಗೆ ಏಳೂಮುಕ್ಕಾಲಕ್ಕೆ ಭುವನಾ ಹೊಸ್ತಿಲವರೆಗೆ ಬಂದು, ನೆನಪಾಗಿ, ಪೊರಕೆ ತೆಗೆದುಕೊಂಡು ಅಂಗಳ ಗುಡಿಸಿದಳು. ರಾಮಾಂಜಿನಮ್ಮ ಗುಡಿಸಿ ಆಗಿತ್ತು.

ಅದಾದ ಮೇಲಿನ ಭಾನುವಾರ ಶಂಕರಲಿಂಗಪ್ಪನವರು ಉಳಿದ ಕಡತಗಳಿಗೆ ಕೂತರು. ಬೇಕಾದ ಏಳು ಹೋಗಿದ್ದವು. ಉಳಿದವು ಯಾರಿಗೂ ಅವಸರದ್ದಲ್ಲ. ರೇಣುಕಪ್ರಸಾದ ಒಂದೇ ಸಲಕ್ಕೆ ಎಲ್ಲಕ್ಕೂ ಬಾಲ ಹಾಕಿಕೊಡುತ್ತಾನಂತೆ ಎಂದು ಮಗ ಹೇಳಿದ. ಬೇಡವೆಂದರು. ಇನ್ನೊಂದು ಕುರ್ಚಿ ಎಳೆದು ಪಕ್ಕಕ್ಕೆ ಹಾಕಿದರು. ಹಿತ್ತಿಲ ಕಡೆ ತಿರುಗಿ ಕರೆದರು.

“ಲೋಹಿತಾ. ಇಲ್ಲಿ ಬಾ ತಾಯಿ.”

ಹುಡುಗಿ ಬಾಗಿಲಲ್ಲಿ ನಿಂತಳು. ಯಂತ್ರದಿಂದ ನಾಲ್ಕು ಹೆಜ್ಜೆ ದೂರ. “ಅಪ್ಪ ಕಾಲು ಮುರೀತೀನಿ ಅಂದವ್ರೆ.”

“ನಿನ್ನಪ್ಪ ಮುರಿಯಬೇಕಾದ್ದು ನನ್ನ ಕಾಲು. ಬಾ, ಕೂತುಕೋ.”

ಅವಳು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ದಾಕ್ಷಾಯಣಮ್ಮ ಮೊರದ ಮುಂದೆ ಕೈ ನಿಲ್ಲಿಸಿದರು. ಶಂಕರಲಿಂಗಪ್ಪನವರು ಒಂದನೆಯ ಕಡತದ ತುದಿಗೆ ಚುಕ್ಕಿ ಇಟ್ಟು ಮೂರು ಅಕ್ಷರ ಒತ್ತಿದರು. ಬಾಲ ಕತ್ತರಿಸುವಾಗ ಕೇಳಿದ್ದನ್ನೇ ಬಾಲ ಅಂಟಿಸುವಾಗಲೂ ಯಂತ್ರ ಕೇಳಿತು. ಅವರ ಬೆರಳು ನಿಂತಿತು.

“ಅದೇನು ಕೇಳುತ್ತಿದೆ, ಓದಿ ಹೇಳು.”

“ನಿಮಗೇ ಓದಕ್ಕೆ ಬರ್ತದಲ್ಲ ತಾತ.”

“ಬರುತ್ತದೆ. ನೀನು ಓದು.”

ಲೋಹಿತಾ ಇಂಗ್ಲಿಷಿನ ಸಾಲನ್ನು ಓದಿ, ನಿಧಾನವಾಗಿ ಕನ್ನಡಕ್ಕೆ ತಿರುಗಿಸಿದಳು. “ಹೆಸರಿನ ಕೊನೆ ಬದಲಾಯಿಸಿದ್ರೆ ಈ ಫೈಲು ಕೆಲಸಕ್ಕೆ ಬಾರದೆ ಹೋಗಬಹುದು. ಖಾತ್ರಿನಾ, ಅಂತ.”

“ನೀನೇನನ್ನುತ್ತೀ?”

ಅವಳು ತಾತನ ಮುಖ ನೋಡಿದಳು. ಮತ್ತೆ ಪರದೆ ನೋಡಿದಳು. ಹೆಸರನ್ನು ಮೊದಲಿನಿಂದ ಕೊನೆಯವರೆಗೆ ತುಟಿಯಲ್ಲೇ ಓದಿಕೊಂಡಳು.

“ಹೌದು,” ಎಂದಳು.

ಆಗ ಅವರು ಒತ್ತಿದರು. ಇನ್ನು ಇನ್ನೂರ ಆರು ಇದ್ದವು. ದಾಕ್ಷಾಯಣಮ್ಮ ಕಡಲೆಕಾಯಿ ಸುಲಿಯತೊಡಗಿದರು. ಸಾರಿಗೆ ಇಡುವ ಹೊತ್ತಾಗಿತ್ತು, ಏಳಲಿಲ್ಲ.